ಅಮೃತಾಪುರದ ಶಿಲೆ, ಅಜ್ಜಂಪುರದ ಹಿಂಡು: ಸೃಷ್ಟಿ ಮತ್ತು ವಿಕಾಸದ ಒಂದು ವಿಚಾರ

ಸೃಷ್ಟಿ, ವಿಕಾಸ ಎಂಬ ಎರಡು ಮಾತುಗಳು ನಮ್ಮ ಮಕ್ಕಳ ಕಿವಿಗೆ ಬೀಳುವುದಕ್ಕೆ ಮೊದಲೇ ಅವುಗಳ ಚಿತ್ರಗಳು ಅವರ ಕಣ್ಣಿಗೆ ಬಿದ್ದಿರುತ್ತವೆ. ದೇವಾಲಯದ ಭಿತ್ತಿಯಲ್ಲಿ ಮತ್ಸ್ಯ, ಕೂರ್ಮ, ವರಾಹಗಳಿಂದ ಮೊದಲಾಗುವ ಅವತಾರಗಳ ಸಾಲನ್ನು ಅವರು ನೋಡಿರುತ್ತಾರೆ. ಶಾಲೆಯ ಗೋಡೆಯ ಮೇಲೆ ಬೆನ್ನು ಬಾಗಿದ ವಾನರನು ಹೆಜ್ಜೆಹೆಜ್ಜೆಗೆ ನೆಟ್ಟಗಾಗುತ್ತ ಕೊನೆಗೆ ಮನುಷ್ಯನಾಗಿ ನಡೆದುಹೋಗುವ ಇನ್ನೊಂದು ಸಾಲನ್ನೂ ನೋಡಿರುತ್ತಾರೆ. ಈ ಎರಡನೆಯ ಚಿತ್ರದ ಮೂಲವು ಅಮೆರಿಕದ ಚಿತ್ರಕಾರ ರುಡಾಲ್ಫ್ ಜಾಲಿಂಗರ್ 1965ರಲ್ಲಿ ಆದಿಮಾನವನನ್ನು ಕುರಿತ ಒಂದು ಗ್ರಂಥಕ್ಕಾಗಿ ಬರೆದ ಚಿತ್ರ. ಈ ಎರಡು ಸಾಲುಗಳನ್ನು ಕಂಡ ಹುಡುಗನೊಬ್ಬ, "ಇವುಗಳಲ್ಲಿ ಯಾವುದು ನಿಜ?" ಎಂದು ಕೇಳಿದರೆ ನಾವು ಏನು ಹೇಳಬೇಕು? ಪ್ರಶ್ನೆ ಚಿಕ್ಕದು, ಆದರೆ ಇದರ ಬೆನ್ನಿಗೆ ದೊಡ್ಡದೊಂದು ಇತಿಹಾಸವಿದೆ.

ಚಾರ್ಲ್ಸ್ ಡಾರ್ವಿನ್ ಜೀವಜಾತಿಗಳ ಉಗಮವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದ್ದು 1859ರಲ್ಲಿ. ಮರುವರ್ಷವೇ ಆಕ್ಸ್‌ಫರ್ಡಿನ ವಿದ್ವತ್ಸಭೆಯಲ್ಲಿ ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಥಾಮಸ್ ಹಕ್ಸ್‌ಲಿ ಎದುರುಬದುರಾಗಿ ನಿಂತು ವಾದಿಸಿದರು. ಆರ್ಚ್‌ಬಿಷಪ್ ಅಷರ್ 1650ರಲ್ಲಿ ಬೈಬಲ್ಲಿನ ವಂಶಾವಳಿಗಳನ್ನು ಎಣಿಸಿ, ಜಗತ್ತಿನ ಸೃಷ್ಟಿಯಾದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ನಿರ್ಧರಿಸಿದ್ದನು. ಜಗತ್ತಿಗೆ ಆರು ಸಾವಿರ ವರ್ಷಗಳಷ್ಟೇ ವಯಸ್ಸೆಂದು ನಂಬಿದವರಿಗೆ ಡಾರ್ವಿನ್ನನ ಸಿದ್ಧಾಂತವು ಸಹಿಸಲಾಗದ್ದಾಯಿತು. 1925ರಲ್ಲಿ ಅಮೆರಿಕದ ಟೆನೆಸಿ ರಾಜ್ಯದಲ್ಲಿ ವಿಕಾಸವಾದವನ್ನು ಬೋಧಿಸಿದ ಅಪರಾಧಕ್ಕಾಗಿ ಜಾನ್ ಸ್ಕೋಪ್ಸ್ ಎಂಬ ಉಪಾಧ್ಯಾಯನಿಗೆ 100 ಡಾಲರ್ ದಂಡ ವಿಧಿಸಲಾಯಿತು. ಮೇಲಿನ ನ್ಯಾಯಾಲಯವು ವಿಧಾನದೋಷದ ಕಾರಣದಿಂದ ಆ ತೀರ್ಪನ್ನು ರದ್ದುಗೊಳಿಸಿತು. ಇದೆಲ್ಲ ದೂರದ ದೇಶದ ಜಗಳವೆಂದು ನಾವು ಸುಮ್ಮನಿರುವಂತಿಲ್ಲ. 2023ರಲ್ಲಿ ನಮ್ಮ ದೇಶದ ಎನ್.ಸಿ.ಇ.ಆರ್.ಟಿ. ಸಂಸ್ಥೆಯು ಪಾಠದ ಹೊರೆಯನ್ನು ಇಳಿಸುವ ಕಾರಣವನ್ನು ನೀಡಿ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ಕೈಬಿಟ್ಟಾಗ ಸಾವಿರಕ್ಕೂ ಹೆಚ್ಚು ಮಂದಿ ವಿಜ್ಞಾನಿಗಳೂ ಅಧ್ಯಾಪಕರೂ ಸಹಿ ಮಾಡಿ ಆಕ್ಷೇಪಿಸಿದರು. ಹನ್ನೆರಡನೆಯ ತರಗತಿಯಲ್ಲಿ ಆ ಪಾಠ ಉಳಿದಿದೆ. ಆದರೆ ಹತ್ತರ ಬಳಿಕ ಜೀವವಿಜ್ಞಾನವನ್ನು ಓದದ ವಿದ್ಯಾರ್ಥಿಗೆ ಅದು ದೊರೆಯುವುದಿಲ್ಲ. ನಮ್ಮ ಮಠದಲ್ಲಿ ಓದಿ ಬೆಳೆದು ಉಪಾಧ್ಯಾಯರಾಗಿರುವವರು, ಮನೆಯಲ್ಲಿ ಮಕ್ಕಳಿರುವವರು ಈ ಪ್ರಶ್ನೆಗೆ ಉತ್ತರವನ್ನು ತಾವೇ ಹುಡುಕಿಕೊಳ್ಳಬೇಕಾದ ಕಾಲ ಬಂದಿದೆ.

ಉತ್ತರಕ್ಕಾಗಿ ದೂರ ಹೋಗಬೇಕಾಗಿಲ್ಲ ಎಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಕಡೂರು, ತರೀಕೆರೆ ಹಾಗೂ ಈಚೆಗೆ ತರೀಕೆರೆಯಿಂದ ಬೇರೆಯಾಗಿ ತಾಲ್ಲೂಕೆನಿಸಿದ ಅಜ್ಜಂಪುರ, ಈ ಮೂರು ತಾಲ್ಲೂಕುಗಳ ನೆಲವೇ ಸೃಷ್ಟಿ-ವಿಕಾಸಗಳ ಒಂದು ವಿಶಾಲವಾದ ಪ್ರದರ್ಶನಶಾಲೆಯಾಗಿದೆ. ಅಲ್ಲಿ ಕಥೆಯನ್ನು ಹೇಳುವ ಕಲ್ಲೂ ಇದೆ, ಕಾಲವನ್ನು ಹೇಳುವ ಬೆಟ್ಟವೂ ಇದೆ, ಬದಲಾವಣೆಯ ಬಗೆಯನ್ನು ಹೇಳುವ ದನದ ಹಿಂಡೂ ಇದೆ.

ಮೊದಲು ಕಥೆಯ ಕಲ್ಲನ್ನು ನೋಡೋಣ. ತರೀಕೆರೆಯಿಂದ ಸುಮಾರು 10 ಕಿಲೋಮೀಟರ್ ದೂರದ ಅಮೃತಾಪುರದಲ್ಲಿ ಅಮೃತೇಶ್ವರನ ದೇವಾಲಯವಿದೆ. ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ದಂಡನಾಯಕನಾದ ಅಮೃತೇಶ್ವರ ದಂಡನಾಯಕನು ಇದನ್ನು 1196ರಲ್ಲಿ ಕಟ್ಟಿಸಿದನು. ಕಲ್ಯಾಣದಲ್ಲಿ ಶರಣರ ಮಹಾಕ್ರಾಂತಿ ನಡೆದು ಆಗ ಸುಮಾರು ಮೂವತ್ತು ವರ್ಷಗಳಾಗಿದ್ದುವು. ಮುಂದೆ ಹೆಸರಾಂತ ರೂವಾರಿಯಾದ ಮಲ್ಲಿತಮ್ಮನು ಈ ದೇವಾಲಯದ ಒಳಮಾಳಿಗೆಗಳ ಕೆಲಸದಲ್ಲಿ ತನ್ನ ಕಸುಬನ್ನು ಆರಂಭಿಸಿದನೆಂದು ವಿದ್ವಾಂಸರು ಹೇಳುತ್ತಾರೆ. ಇಲ್ಲಿಯ ಶಿಲಾಶಾಸನದಲ್ಲಿ ಕವಿಚಕ್ರವರ್ತಿ ಜನ್ನನ ಪದ್ಯಗಳಿವೆ. ತೆರೆದ ಮಂಟಪದ ಹೊರಗೋಡೆಯ ಸುತ್ತ 140 ಶಿಲ್ಪಫಲಕಗಳು ಸಾಲಾಗಿ ನಿಂತಿವೆ. ದಕ್ಷಿಣದ ಕಡೆಯ 70 ಫಲಕಗಳಲ್ಲಿ ರಾಮಾಯಣ. ಉತ್ತರದ ಕಡೆ 25ರಲ್ಲಿ ಕೃಷ್ಣನ ಬಾಲಲೀಲೆ, 45ರಲ್ಲಿ ಮಹಾಭಾರತ. ಶಿವನ ಗುಡಿಯ ಗೋಡೆಯ ಮೇಲೆ ವಿಷ್ಣುವಿನ ಅವತಾರಕಥೆಗಳು ಈ ರೀತಿ ನಿರಾತಂಕವಾಗಿ ಹರಿದಿರುವುದನ್ನು ಗಮನಿಸಬೇಕು.

ಇದನ್ನು ಎಂಟು ಶತಮಾನಗಳ ಹಿಂದಿನ ಒಂದು ಚಿತ್ರಪ್ರದರ್ಶನವೆಂದು ಕರೆದರೆ ತಪ್ಪಾಗಲಾರದು. ನೋಡುವವನು ನಡೆಯುತ್ತಾನೆ, ಕಥೆ ಅವನೊಡನೆ ನಡೆಯುತ್ತದೆ. ಹಿರಿಯರು ಕಿರಿಯರನ್ನು ಫಲಕದ ಮುಂದೆ ನಿಲ್ಲಿಸಿ, ಬೆರಳು ತೋರಿಸಿ ಕಥೆ ಹೇಳುವುದನ್ನು ಇಂದಿಗೂ ಇಂತಹ ಗುಡಿಗಳಲ್ಲಿ ಕಾಣಬಹುದು. ಪ್ರದರ್ಶನ ಮತ್ತು ಉಪನ್ಯಾಸ ಒಟ್ಟಿಗೆ ನಡೆಯುವ ಪದ್ಧತಿ ನಮಗೆ ಹೊಸದಲ್ಲ. ಹೊಯ್ಸಳ ಶಿಲ್ಪಿಯ ಇನ್ನೊಂದು ಪ್ರಿಯವಾದ ಕಲ್ಪನೆ ಮಕರ. ಅದಕ್ಕೆ ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನ ಬಾಲ. ಅಂತಹ ಪ್ರಾಣಿಯನ್ನು ತಾನು ಕಾಡಿನಲ್ಲಿ ಕಂಡೆನೆಂದು ಶಿಲ್ಪಿ ಎಂದೂ ಹೇಳಲಿಲ್ಲ. ನೋಡಿದವರೂ ಹಾಗೆ ಭಾವಿಸಲಿಲ್ಲ. ಜಲದ ಶಕ್ತಿ, ನೆಲದ ಬಲ, ಹಕ್ಕಿಯ ಚೆಲುವು ಒಂದೇ ರೂಪದಲ್ಲಿ ಕೂಡಿದರೆ ಹೇಗಿರುತ್ತದೆ ಎಂಬ ಭಾವಕ್ಕೆ ಅವನು ಆಕಾರ ಕೊಟ್ಟನು. ಕಥೆಯ ಸತ್ಯ ಈ ಬಗೆಯದು. ಅದು ಅರ್ಥವನ್ನು ಕುರಿತದ್ದು.

ಇನ್ನು ಆ ಕಥೆಯನ್ನು ಹೊತ್ತಿರುವ ಕಲ್ಲು ಯಾವುದು? ಹೊಯ್ಸಳ ಶಿಲ್ಪಿಗಳು ಆರಿಸಿಕೊಂಡದ್ದು ಬಳಪದ ಕಲ್ಲು. ಅಗೆದು ತೆಗೆದಾಗ ಮೃದುವಾಗಿದ್ದು ಉಳಿಯ ಮಾತನ್ನು ಕೇಳುವ ಈ ಶಿಲೆಯು, ಭೂಗರ್ಭದಿಂದ ಮೇಲಕ್ಕೆದ್ದ ಪ್ರಾಚೀನ ಅಗ್ನಿಶಿಲೆಯು ಕಾವು ಮತ್ತು ಒತ್ತಡಗಳಿಂದ ರೂಪಾಂತರ ಹೊಂದಿ ಆದದ್ದು. ಇದು ದೊರೆಯುವ ಶಿಲಾಪಟ್ಟಿಗಳಿಗೆ 'ಧಾರವಾಡ ಶಿಲಾಸ್ತೋಮ' ಎಂಬ ಹೆಸರಿದೆ. ಹತ್ತೊಂಬತ್ತನೆಯ ಶತಮಾನದ ಎಂಬತ್ತರ ದಶಕದಲ್ಲಿ ಆ ಹೆಸರಿಟ್ಟವನು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್. ಡಾರ್ವಿನ್ನನ ಗ್ರಂಥ ಹೊರಬಂದ ನಾಲ್ಕೇ ವರ್ಷಗಳಲ್ಲಿ, ಎಂದರೆ 1863ರಲ್ಲಿ, ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಆಯುಧವನ್ನು ಗುರುತಿಸಿ ದಕ್ಷಿಣ ಭಾರತದಲ್ಲಿ ಮಾನವನ ಪ್ರಾಚೀನತೆಯನ್ನು ಸಾರಿದವನೂ ಅವನೇ.

ಧಾರವಾಡ ಶಿಲೆಗಳ ಮಹಿಮೆಯನ್ನು ಕಾಣಬೇಕಾದರೆ ತರೀಕೆರೆಯಿಂದ ಕಲ್ಲತ್ತಿಗಿರಿಯ ಮಾರ್ಗವಾಗಿ ಕೆಮ್ಮಣ್ಣುಗುಂಡಿಗೆ ಏರಬೇಕು. ಭದ್ರಾವತಿಯ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಆರಂಭಿಸಿದ ಬಳಿಕ ಅದಕ್ಕೆ ಅದಿರನ್ನು ಒದಗಿಸಿದ್ದು ಈ ಬೆಟ್ಟ. ಬಾಬಾಬುಡನ್ ಗಿರಿಶ್ರೇಣಿಯ ಈ ಕಬ್ಬಿಣದ ಶಿಲೆಯನ್ನು ಹತ್ತಿರದಿಂದ ನೋಡಿದರೆ, ಕೆಂಪು-ಕಪ್ಪು ಎಳೆಗಳು ಸೀರೆಯ ಅಂಚಿನಂತೆ ಒಂದರ ಮೇಲೊಂದು ಕುಳಿತಿರುವುದು ಕಾಣುತ್ತದೆ. ಇವು ಸುಮಾರು 270 ಕೋಟಿ ವರ್ಷಗಳ ಹಿಂದಿನ ಸಮುದ್ರತಳದಲ್ಲಿ ಕಬ್ಬಿಣವೂ ಸಿಲಿಕವೂ ಪದರಪದರವಾಗಿ ಇಳಿದು ಆದವು. ಅಂದಿನ ನೀರಿನಲ್ಲಿ ಕರಗಿದ್ದ ಕಬ್ಬಿಣವು ಈ ರೀತಿ ತಳಕ್ಕಿಳಿಯುವುದರಲ್ಲಿ ಸೂಕ್ಷ್ಮಜೀವಿಗಳ ಪಾತ್ರವೂ ಇದ್ದಿತೆಂದು ಹಲವು ವಿಜ್ಞಾನಿಗಳ ಅಭಿಪ್ರಾಯ. ಮೀನಿಲ್ಲದ, ಮರವಿಲ್ಲದ, ಹುಲ್ಲಿನ ಎಸಳೂ ಇಲ್ಲದ ಆ ಕಾಲದಲ್ಲಿ ಜೀವವೆಂದರೆ ಕಣ್ಣಿಗೆ ಕಾಣದ ಅಣುಗಾತ್ರದ ಜೀವಿಗಳು ಮಾತ್ರ. ಮಲ್ಲಿತಮ್ಮನು ಕೆತ್ತಿದ್ದು ಯುಗಗಳ ಕಥೆಯನ್ನು. ಅವನ ಉಳಿಯ ಕೆಳಗಿದ್ದ ಕಲ್ಲಿನ ಮೈಯಲ್ಲಿಯೇ ಇನ್ನೂ ಹಳೆಯದಾದ ಯುಗಗಳ ಬರವಣಿಗೆ ಅಡಗಿತ್ತು.

ಇಲ್ಲಿ ಒಂದು ಎಚ್ಚರದ ಮಾತು. ನಮ್ಮ ಪುರಾಣಗಳು ಬ್ರಹ್ಮನ ಒಂದು ಹಗಲಿಗೆ 432 ಕೋಟಿ ವರ್ಷಗಳೆಂದು ಹೇಳುತ್ತವೆ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷಗಳೆಂದು ಇಂದಿನ ವಿಜ್ಞಾನ ಹೇಳುತ್ತದೆ. ಸಂಖ್ಯೆಗಳು ಹತ್ತಿರ ಬಂದುವೆಂದು ಕೆಲವರು ಹಿಗ್ಗುವುದುಂಟು. ಆದರೆ ಮೊದಲನೆಯದು ನಾಲ್ಕು ಯುಗಗಳ ಮೊತ್ತವನ್ನು ಸಾವಿರದಿಂದ ಗುಣಿಸಿ ಬಂದದ್ದು. ಎರಡನೆಯದು ಉಲ್ಕಾಶಿಲೆಗಳಲ್ಲಿಯ ಸೀಸದ ಪರಮಾಣುಗಳನ್ನು ಅಳೆದು ಕ್ಲೇರ್ ಪ್ಯಾಟರ್‌ಸನ್ ಎಂಬಾತನು 1956ರಲ್ಲಿ ಪ್ರಕಟಿಸಿದ ನಿರ್ಣಯವನ್ನು ಆಧರಿಸಿದ್ದು. ದಾರಿಗಳೇ ಬೇರೆಯಾದಾಗ ಉತ್ತರಗಳ ಸಾಮೀಪ್ಯವು ಆಕಸ್ಮಿಕವೇ ಸರಿ. ಆದರೂ ಅಪಾರವಾದ ಕಾಲದ ಕಲ್ಪನೆ ನಮ್ಮವರಿಗೆ ಪರಕೀಯವಾಗಿರಲಿಲ್ಲವಾದ್ದರಿಂದ, ಆರು ಸಾವಿರ ವರ್ಷಗಳ ಗೋಡೆಗೆ ತಲೆ ಬಡಿದುಕೊಳ್ಳುವ ಕಷ್ಟ ನಮಗೆ ಬರಲಿಲ್ಲ.

ಕಾಲವೊಂದಿದ್ದರೆ ಸಾಲದು, ಆ ಕಾಲದಲ್ಲಿ ಜೀವಿಗಳು ಬದಲಾಗುವ ಬಗೆ ಯಾವುದು? ಇದಕ್ಕೆ ಉತ್ತರ ಬೆಟ್ಟದಿಂದಿಳಿದು ಬಯಲಿಗೆ ಬಂದರೆ ಸಿಗುತ್ತದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ (1673-1704) ಅರಮನೆಗೆ ಹಾಲು-ಬೆಣ್ಣೆ ಒದಗಿಸುವುದಕ್ಕಾಗಿ 'ಬೆಣ್ಣೆ ಚಾವಡಿ' ಎಂಬ ದನಗಳ ಇಲಾಖೆಯಿದ್ದಿತು. ಅದರ ಮೇವಿಗಾಗಿ ನಾಡಿನ ಹುಲ್ಲುಗಾವಲುಗಳನ್ನು ಕಾದಿರಿಸಲಾಗಿತ್ತು. ಹೈದರಾಲಿಯು ಈ ಎತ್ತುಗಳನ್ನು ಸೇನೆಯ ಸಾಗಣೆಗೆ ಬಳಸಿದನು. ಟೀಪುವು ಇದಕ್ಕೆ 'ಅಮೃತ ಮಹಲ್' ಎಂದು ಹೆಸರಿಟ್ಟು ಹಿಂಡಿನ ಪಾಲನೆಗೆ ಕಟ್ಟುಕಟ್ಟಳೆಗಳನ್ನು ವಿಧಿಸಿದನು. 1799ರ ಬಳಿಕ ಹಿಂಡು ಇಂಗ್ಲಿಷರ ವಶವಾಯಿತು. 1860ರಲ್ಲಿ ಖರ್ಚು ಉಳಿಸುವ ನೆಪದಿಂದ ಅವರು ಅದನ್ನು ಮಾರಿ ಚದುರಿಸಿದರು. ಬಂಡಿ ಎಳೆಯಲು ತಕ್ಕ ಎತ್ತುಗಳೇ ಸಿಗದಾದಾಗ ಕೆಲವೇ ವರ್ಷಗಳಲ್ಲಿ ಮತ್ತೆ ಕಷ್ಟಪಟ್ಟು ಕಟ್ಟಿದರು. 1882ರಲ್ಲಿ ಅದು ಮೈಸೂರು ಸರ್ಕಾರದ ಕೈಗೆ ಮರಳಿತು. 1929ರಲ್ಲಿ ಅಜ್ಜಂಪುರದಲ್ಲಿ ತಳಿ ಸಂವರ್ಧನ ಕೇಂದ್ರ ಆರಂಭವಾಯಿತು. ಕಡೂರು ತಾಲ್ಲೂಕಿನ ಬೀರೂರಿನಲ್ಲಿ ನಡೆಯುವ ಅಮೃತ ಮಹಲ್ ಹೋರಿಕರುಗಳ ಹರಾಜು ನಮ್ಮ ರೈತರಿಗೆ ಚಿರಪರಿಚಿತವಾದದ್ದು.

ಬೂದು ಮೈ, ನೀಳವಾಗಿ ಹಿಂದಕ್ಕೆ ಹೋಗಿ ಮೇಲೆದ್ದು ಮೊನಚಾಗುವ ಕೊಂಬು, ಬಿಗಿಯಾದ ಗೊರಸು, ಸಿಡಿಲಿನಂತಹ ಸ್ವಭಾವ, ದಣಿವರಿಯದ ಓಟ. ಇವು ಈ ತಳಿಯ ಲಕ್ಷಣಗಳು. ಹೆಸರಿನಲ್ಲಿ ಅಮೃತವಿದ್ದರೂ ಹಸುವಿನ ಹಾಲು ಬಲು ಕಡಿಮೆ. ಇದಕ್ಕೆ ಕಾರಣ ಸರಳವಾಗಿದೆ. ತಲೆಮಾರುಗಳ ಕಾಲ ಇದನ್ನು ಸಾಕಿದವರು ಬೀಜದ ಹೋರಿಯನ್ನು ಆರಿಸುವಾಗ ನೋಡಿದ್ದು ನಡಿಗೆಯನ್ನು, ತಾಳ್ಮೆಯನ್ನು, ಬಲವನ್ನು. ಬೇಡವಾದ ಹೋರಿಯ ಬೀಜ ಒಡೆದರು. ಬೇಕಾದುದನ್ನು ಹಿಂಡಿಗೆ ಬಿಟ್ಟರು. ವರ್ಷಕ್ಕೆ ವರ್ಷ ಹೀಗೆಯೇ ನಡೆದು ಹಿಂಡಿನ ಮೈಯೇ ಬದಲಾಯಿತು. ಹಾಲಿಗಾಗಿ ಆರಿಸಿದ್ದರೆ ಬೇರೊಂದು ತಳಿಯಾಗುತ್ತಿತ್ತು.

ಡಾರ್ವಿನ್ ತನ್ನ ಗ್ರಂಥದ ಮೊದಲ ಅಧ್ಯಾಯವನ್ನು ಆರಂಭಿಸಿದ್ದು ಇದೇ ವಿಚಾರದಿಂದ, ಸಾಕುಪ್ರಾಣಿಗಳಲ್ಲಿ ಮನುಷ್ಯನು ಮಾಡುವ ಆಯ್ಕೆಯಿಂದ. ಆ ಅಧ್ಯಾಯದಲ್ಲಿಯೇ ನಮ್ಮ ದೇಶದ ಭುಜವುಳ್ಳ ದನಗಳ ಪ್ರಸ್ತಾಪವೂ ಬರುತ್ತದೆ. ಕಲ್ಕತ್ತೆಯಲ್ಲಿ ಏಷಿಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಎಡ್ವರ್ಡ್ ಬ್ಲೈತ್ ಕಳಿಸಿದ ಮಾಹಿತಿಯನ್ನು ನಂಬಿ, ಭಾರತದ ದನಗಳು ಯೂರೋಪಿನ ದನಗಳಿಗಿಂತ ಬೇರೆಯಾದ ಕಾಡುಮೂಲದಿಂದ ಬಂದವೆಂದು ಡಾರ್ವಿನ್ ಊಹಿಸಿದನು. ಇಂದಿನ ಆನುವಂಶಿಕ ಸಂಶೋಧನೆಯು ಆ ಊಹೆಯನ್ನು ಎತ್ತಿಹಿಡಿದಿದೆ: ಎರಡು ಬಗೆಯ ಕಾಡುದನಗಳು ಲಕ್ಷಾಂತರ ವರ್ಷಗಳ ಹಿಂದೆಯೇ ಕವಲೊಡೆದಿದ್ದುವು, ಭುಜದ ದನವನ್ನು ಸುಮಾರು ಎಂಟು ಸಾವಿರ ವರ್ಷಗಳ ಹಿಂದೆ ಸಿಂಧೂ ಬಯಲಿನ ಪಶ್ಚಿಮದಂಚಿನಲ್ಲಿ ಮಾನವನು ಪಳಗಿಸಿದನು.

ಮನುಷ್ಯನು ಕೆಲವೇ ಶತಮಾನಗಳಲ್ಲಿ ಇಷ್ಟು ಮಾಡಬಲ್ಲನಾದರೆ, ನಿಸರ್ಗವು ಕೋಟ್ಯಂತರ ವರ್ಷಗಳಲ್ಲಿ ಏನು ಮಾಡಲಾರದು? ಡಾರ್ವಿನ್ನನ ವಾದದ ತಿರುಳು ಇಷ್ಟೇ. ಇದಕ್ಕೂ ಸಾಕ್ಷಿ ಕಡೂರಿನ ಬಳಿಯಲ್ಲೇ ಇದೆ. 2011ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಬಾಸೂರು ಅಮೃತ ಮಹಲ್ ಕಾವಲಿನಲ್ಲಿ ಕೃಷ್ಣಮೃಗಗಳಿವೆ. ಅವುಗಳ ವೇಗವನ್ನು ಯಾವ ಅರಸನೂ ಆರಿಸಲಿಲ್ಲ. ಬೆನ್ನಟ್ಟುವ ತೋಳವೂ, ಈಗ ಭಾರತದ ಬಯಲುಗಳಿಂದ ಅಳಿದುಹೋಗಿರುವ ಹಿಂದಿನ ಚೀತಾವೂ ನಿಧಾನವಾಗಿ ಓಡಿದ ಮೃಗಗಳನ್ನು ಹಿಡಿದುವು. ಉಳಿದವು ಮರಿ ಹಾಕಿದುವು. ಒಂದೇ ಹುಲ್ಲುಗಾವಲಿನಲ್ಲಿ ಎರಡು ವೇಗಗಳಿವೆ: ಎತ್ತಿನ ವೇಗಕ್ಕೆ ಕಾರಣ ಮನುಷ್ಯನ ಆಯ್ಕೆ, ಮೃಗದ ವೇಗಕ್ಕೆ ಕಾರಣ ನಿಸರ್ಗದ ಆಯ್ಕೆ. ಪಠ್ಯಪುಸ್ತಕದ ಒಂದು ಅಧ್ಯಾಯವನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಚಿತ್ರಪಟವಿಲ್ಲ.

ಈಗ ಮೊದಲಿನ ಹುಡುಗನ ಪ್ರಶ್ನೆಗೆ ಮರಳೋಣ. ಅವತಾರಗಳ ಸಾಲು ವಿಕಾಸವನ್ನೇ ಹೇಳುತ್ತದೆ, ಋಷಿಗಳು ಡಾರ್ವಿನ್ನನಿಗಿಂತ ಮೊದಲೇ ಇದನ್ನು ಕಂಡಿದ್ದರು ಎಂಬ ಉತ್ತರ ಜನಪ್ರಿಯವಾಗಿದೆ. ಬ್ರಹ್ಮಸಮಾಜದ ಕೇಶವಚಂದ್ರ ಸೇನರು 1882ರಲ್ಲಿ ಒಂದು ಉಪನ್ಯಾಸದಲ್ಲಿ ಈ ಸಾದೃಶ್ಯವನ್ನು ಸೂಚಿಸಿದ್ದರು. 1957ರಲ್ಲಿ ಭಾರತಕ್ಕೆ ಬಂದು ಇಲ್ಲಿಯೇ 1964ರಲ್ಲಿ ತೀರಿಕೊಂಡ ಜೀವವಿಜ್ಞಾನಿ ಜೆ.ಬಿ.ಎಸ್. ಹಾಲ್ಡೇನ್ ಸಹ, ಅವತಾರಗಳ ಕ್ರಮವು ಬೆನ್ನೆಲುಬಿನ ಪ್ರಾಣಿಗಳ ವಿಕಾಸದ ಸ್ಥೂಲಚಿತ್ರದಂತೆ ತೋರುತ್ತದೆಂದು ಕುತೂಹಲದಿಂದ ಗಮನಿಸಿದ್ದನು. ಸಾದೃಶ್ಯ ಸೊಗಸಾದದ್ದೇ. ಆದರೆ ಕೂರ್ಮದಿಂದ ವರಾಹವು ಹುಟ್ಟಿತೆಂದು ಯಾವ ಪುರಾಣವೂ ಹೇಳುವುದಿಲ್ಲ. ಧರ್ಮಕ್ಕೆ ಗ್ಲಾನಿಯೊದಗಿದಾಗಲೆಲ್ಲ ಭಗವಂತನು ಇಳಿದುಬಂದನೆಂಬುದು ಅವತಾರದ ಅರ್ಥ. ಅಲ್ಲಿಯದು ಇಳಿದು ಬರುವ ಕರುಣೆಯ ಕಥೆ, ವಂಶದ ಕಥೆಯಲ್ಲ. ಶಾಲೆಯ ಗೋಡೆಯ ಚಿತ್ರವೂ ಪೂರ್ತಿ ಸರಿಯಲ್ಲ. ಜೀವವಿಕಾಸವು ಒಂದೇ ಸಾಲಿನ ಮೆರವಣಿಗೆಯಲ್ಲ, ಅನೇಕ ಕೊಂಬೆಗಳ ಮರ. ಇಂದಿನ ಕೋತಿ ನಮ್ಮ ಅಜ್ಜನಲ್ಲ. ಒಂದೇ ಪೂರ್ವಿಕರಿಂದ ಕವಲೊಡೆದ ದಾಯಾದಿ. ಆ ಮರದಲ್ಲಿ ಮೀನೂ ಇದೆ, ಹಸುವೂ ಇದೆ, ನಾವೂ ಇದ್ದೇವೆ.

ವಿಜ್ಞಾನದ ಚಿತ್ರಗಳಿಗೆ ತಿದ್ದುಪಡಿ ಸಹಜವಾದದ್ದು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಶಿಲ್ಪಿ ವಾಟರ್‌ಹೌಸ್ ಹಾಕಿನ್ಸ್ ಅಳಿದುಹೋದ ಮಹಾಸರೀಸೃಪಗಳ ಪೂರ್ಣಗಾತ್ರದ ಪ್ರತಿಮೆಗಳನ್ನು ನಿಲ್ಲಿಸಿದನು. ಜನ ಕಿಕ್ಕಿರಿದು ನೋಡಿದರು. ಇಗ್ವನೊಡಾನ್ ಎಂಬ ಪ್ರಾಣಿಯ ಮೂಗಿನ ಮೇಲೆ ಅವನು ಒಂದು ಕೊಂಬನ್ನು ಇಟ್ಟಿದ್ದನು. ಅದು ಹೆಬ್ಬೆರಳಿನ ಮುಳ್ಳೆಂಬುದು ಮುಂದೆ ಪೂರ್ಣ ಅಸ್ಥಿಪಂಜರಗಳು ದೊರೆತಾಗ ತಿಳಿಯಿತು. ಪ್ರತಿಮೆ ಇಂದಿಗೂ ಹಾಗೆಯೇ ನಿಂತಿದೆ, ತಿಳಿವು ಮಾತ್ರ ಮುಂದೆ ಸಾಗಿದೆ. ಅಮೃತಾಪುರದ ಫಲಕವನ್ನು ಯಾರೂ ಹೀಗೆ ತಿದ್ದಬೇಕಾಗಿಲ್ಲ. ಏಕೆಂದರೆ ಅದು ಅಳತೆಗೆ ಸಿಕ್ಕುವ ಮಾತನ್ನು ಹೇಳಹೊರಟಿಲ್ಲ. ಒಂದು ತಿದ್ದಿಕೊಳ್ಳುತ್ತ ಬೆಳೆಯುತ್ತದೆ, ಇನ್ನೊಂದು ಮನನ ಮಾಡಿದಂತೆಲ್ಲ ಅರ್ಥಕೊಡುತ್ತದೆ. ಒಂದಕ್ಕೆ ಇನ್ನೊಂದರ ಊರುಗೋಲನ್ನು ಕೊಡಹೋದರೆ ಎರಡೂ ಕುಂಟುತ್ತವೆ.

ನಮ್ಮ ಶರಣರು ಈ ವಿವೇಕವನ್ನು ತಮ್ಮ ರೀತಿಯಲ್ಲಿ ತೋರಿದವರು. ಸೃಷ್ಟಿಗೆ ಮುಂಚಿನ ನಿರಾಲಂಬ ಸ್ಥಿತಿಯನ್ನು ಅಲ್ಲಮಪ್ರಭುಗಳು ಕುರುಹಿಲ್ಲದ ಶೂನ್ಯವೆಂದು ಕಂಡರು. ಅದಕ್ಕೆ ತಾರೀಖು ಹಾಕಲಿಲ್ಲ. ಓದಿದ್ದಕ್ಕಿಂತ ಕಂಡದ್ದನ್ನು, ಕೇಳಿದ್ದಕ್ಕಿಂತ ಅನುಭವವನ್ನು ಹಿರಿದೆಂದು ಎಣಿಸಿದ ಪರಂಪರೆಗೆ ಬೆಟ್ಟದ ಕಲ್ಲು ಹೇಳುವ ಸಾಕ್ಷ್ಯವನ್ನು ಕಂಡು ಭಯಪಡುವ ಕಾರಣವಿಲ್ಲ. ಸಕಲ ಜೀವಿಗಳೂ ಒಂದೇ ಮೂಲದ ಬಂಧುಗಳೆಂದು ವಿಜ್ಞಾನ ಹೇಳಿದರೆ, ದಯೆಯನ್ನು ಧರ್ಮದ ಮೂಲವೆಂದು ನಂಬಿದವರಿಗೆ ಅದರಲ್ಲಿ ಕಳೆದುಕೊಳ್ಳುವಂಥದ್ದೇನಿದೆ?

ಕಳೆದುಕೊಳ್ಳುತ್ತಿರುವುದು ಬೇರೆಯೇ ಒಂದಿದೆ. ಟ್ರ್ಯಾಕ್ಟರು ಬಂದ ಮೇಲೆ ಅಮೃತ ಮಹಲ್ ಎತ್ತಿಗೆ ಕೆಲಸ ಕಡಿಮೆಯಾಯಿತು. ಹಾಲಿಗಾಗಿ ಸೀಮೆಯ ದನ ಬಂದಿತು. ಮೈಸೂರು ನಾಡಿನಲ್ಲಿ ಹಿಂದೆ ನಾಲ್ಕು ಲಕ್ಷ ಎಕರೆಗೂ ಹೆಚ್ಚಾಗಿದ್ದ ಕಾವಲುಗಳ ಬಹುಭಾಗ ಸಾಗುವಳಿಗೆ, ಕಟ್ಟಡಗಳಿಗೆ ಹೋಗಿದೆ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನಲ್ಲಿ 2008ರಿಂದೀಚೆಗೆ ಸಾವಿರಾರು ಎಕರೆ ಕಾವಲು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳ ಪಾಲಾಯಿತು. ವಿಜ್ಞಾನದ ಕಟ್ಟಡಕ್ಕಾಗಿ ಜೀವವಿಜ್ಞಾನದ ಪುಟವೇ ಹರಿದುಹೋಯಿತೆಂಬುದು ಯೋಚಿಸತಕ್ಕ ಸಂಗತಿ. ಪುಸ್ತಕದಿಂದ ತೆಗೆದ ಪಾಠವನ್ನು ಮತ್ತೆ ಅಚ್ಚು ಹಾಕಿಸಬಹುದು. ಮೂರು ಶತಮಾನಗಳ ಆಯ್ಕೆಯಿಂದ ರೂಪುಗೊಂಡ ತಳಿ ಅಳಿದರೆ ಅದನ್ನು ಅಚ್ಚು ಹಾಕಿಸಲಾಗದು. 1860ರಲ್ಲಿ ಹಿಂಡನ್ನು ಮಾರಿದವರು ಆ ಪಾಠವನ್ನು ಕಲಿತರು. ಅವರಿಗೆ ಮತ್ತೆ ಕಟ್ಟಲು ಊರೂರುಗಳಲ್ಲಿ ದನಗಳು ಉಳಿದಿದ್ದುವು. ನಮಗೆ ಆ ಅನುಕೂಲ ಇರಲಾರದು.

ಆದುದರಿಂದ ಉಪಾಧ್ಯಾಯರಾಗಿರುವ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುವಾಗ ದೂರದ ಊರುಗಳನ್ನೇ ನೆನೆಯದಿರಿ. ಬೆಳಿಗ್ಗೆ ಅಮೃತಾಪುರದಲ್ಲಿ ಫಲಕಗಳ ಕಥೆಯನ್ನು ಪೂರ್ತಿಯಾಗಿ ಹೇಳಿ. ಕಥೆಯನ್ನು ಕಥೆಯಾಗಿಯೇ ಹೇಳಿ. ಮತ್ತೊಂದು ದಿನ ಕೆಮ್ಮಣ್ಣುಗುಂಡಿಯಲ್ಲಿ ಕೆಂಪು-ಕಪ್ಪು ಎಳೆಗಳ ಮೇಲೆ ಅವರ ಬೆರಳನ್ನು ಇಡಿಸಿ. ಅಜ್ಜಂಪುರದ ಬಯಲಿನಲ್ಲಿ ಹಿಂಡು ಕೊರಳೆತ್ತಿ ನಿಂತಾಗ, ಆ ಕೊಂಬು ಹಾಗೇಕೆ ಬಾಗಿದೆಯೆಂದು ಕೇಳಿ, ಉತ್ತರವನ್ನು ಅವರೇ ಹುಡುಕುವಂತೆ ಬಿಡಿ. ಗುಡಿಯ ಮುಂದೆ ಕೈಮುಗಿಯಲು, ಹಿಂಡಿನ ಮುಂದೆ ಪ್ರಶ್ನೆ ಕೇಳಲು ಕಲಿತ ಮಗುವಿಗೆ ಆ ಎರಡು ಚಿತ್ರಗಳಲ್ಲಿ ಒಂದನ್ನು ಹರಿದುಹಾಕಬೇಕಾದ ಪ್ರಸಂಗ ಬಾರದು.